ಸ್ಕೈರಿಮ್ ಆಟದ ಶುರುವಿನಲ್ಲೇ ಗಟ್ಟಿ ಆರ್ಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೈರಿಮ್ ಅನ್ನುವ ವೀಡಿಯೊ ಗೇಮ್ ಬಿಡುಗಡೆಯಾದದ್ದು 2011ರ ನವೆಂಬರ್ 11ರಂದು. ಇವತ್ತಿಗೂ ನಮ್ಮ ಕರಾವಳಿಯಲ್ಲಿ ಜೋರು ಮಳೆಗೆ ಡಿಸಿ ರಜೆ ಕೊಟ್ಟರೆ ಸಾಕು, ನನ್ನ ಫೋನಿಗೆ ಈ ಆಟದ ಪ್ರಶ್ನೆಗಳು ಬರಲು ಶುರು. ಮಣಿಪಾಲ, ಸುರತ್ಕಲ್ಲಿನ ಹಾಸ್ಟೆಲ್ ಮಕ್ಕಳು ಕೇಳುತ್ತಾರೆ. ಕುಂದಾಪುರದ ಚಿಕ್ಕಮ್ಮನ ಮಗ ಕೇಳುತ್ತಾನೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಕೇಳಿದ್ದುಂಟು. ಎಲ್ಲರಿಗೂ ಮೊದಲು ಬೇಕಾದದ್ದು ಬೇಗ ಸಾಯದ ಹಾಗೆ ಕಾಯುವ ಒಂದು ಆರ್ಮರ್, ಅಂದರೆ ಕವಚ.

ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಇಲ್ಲಿ ಹಾಕಿದ್ದೇನೆ. ಮೊದಲಿಗೆ ಸುಲಭದ್ದು, ಆಮೇಲೆ ಸ್ವಲ್ಪ ತಲೆ ಓಡಿಸಬೇಕಾದದ್ದು. ಲೆಕ್ಕಗಳೆಲ್ಲ ಮಾಡ್ (ಆಟಗಾರರು ಮಾಡಿ ಸೇರಿಸುವ ಬದಲಾವಣೆ) ಹಾಕದ ಆಟದ್ದು.

## ಈಗಷ್ಟೇ ಶುರು ಮಾಡಿದವರಿಗೆ

ಅಕ್ಕಾ, ಎರಡೇ ಪೆಟ್ಟಿಗೆ ಸಾಯ್ತೇನೆ. ಒಳ್ಳೆ ಆರ್ಮರ್ ಎಲ್ಲಿ ಸಿಗ್ತದೆ?

ಮೊದಲು ಮೈಮೇಲೆ ನಾಲ್ಕು ತುಂಡು ಇದೆಯಾ ನೋಡಿ: ತಲೆ, ಮೈ, ಕೈ, ಕಾಲು. ಹೊಸಬರಲ್ಲಿ ತುಂಬಾ ಜನ ಮೈಗೆ ಒಂದು ಒಳ್ಳೆಯದು ಹಾಕಿಕೊಂಡು ತಲೆ, ಕೈ ಖಾಲಿ ಬಿಟ್ಟಿರುತ್ತಾರೆ. ಯಾವ ಲೋಹವಾದರೂ ಸರಿ, ನಾಲ್ಕೂ ತುಂಬಿಸಿ.

ಆಟ ಶುರುವಾಗುವ ಹೆಲ್ಗನ್ ಕೋಟೆಯಿಂದ ತಪ್ಪಿಸಿಕೊಳ್ಳುವಾಗಲೇ ಬಿದ್ದವರ ಆರ್ಮರ್ ತೆಗೆದುಕೊಳ್ಳಿ. ದಾರಿ ತೋರಿಸುವ ಇಬ್ಬರಲ್ಲಿ ಹಾಡ್ವಾರ್ ಜೊತೆ ಹೋದರೂ ರಾಲೋಫ್ ಜೊತೆ ಹೋದರೂ ಏನಾದರೊಂದು ಸಿಗುತ್ತದೆ. ಹೊರಗೆ ಬಂದು ರಿವರ್‌ವುಡ್ ಹಳ್ಳಿಯ ಕಡೆಗೆ ಇಳಿಯುವಾಗ ದಾರಿಯಲ್ಲಿ, ಮುಟ್ಟಿದರೆ ವರ ಕೊಡುವ ಮೂರು ಗಾರ್ಡಿಯನ್ ಕಲ್ಲುಗಳಿವೆ. ಅಲ್ಲೇ ಹತ್ತಿರ ಎಂಬರ್‌ಶಾರ್ಡ್ ಗಣಿ. ಒಳಗಿನ ದರೋಡೆಕೋರರ ಮೈಮೇಲಿನದ್ದು ನಿಮ್ಮದಾಗುತ್ತದೆ, ಗೋಡೆಯಲ್ಲಿ ಕಬ್ಬಿಣದ ಅದಿರೂ ಉಂಟು. ರಿವರ್‌ವುಡ್‌ನ ಕಮ್ಮಾರ ಆಲ್ವೋರ್ ಹತ್ತಿರ ಕಡಿಮೆ ಬಿದ್ದದ್ದನ್ನು ಕೊಂಡರಾಯಿತು. ನೀವು ಕೊಲ್ಲಬೇಕಾದ ಮೊದಲ ಡ್ರ್ಯಾಗನ್ ಬರುವ ಮೊದಲೇ ಪೂರ್ತಿ ಸೆಟ್ ಮೈಮೇಲಿರುತ್ತದೆ.

ಹೆವಿ ಹಾಕ್ಲಾ, ಲೈಟ್ ಹಾಕ್ಲಾ? ಫ್ರೆಂಡ್ಸ್ ಒಬ್ಬೊಬ್ಬ ಒಂದೊಂದು ಹೇಳ್ತಾರೆ.

ಎದುರು ನಿಂತು ಹೊಡೆದಾಡುವವರಿಗೆ ಹೆವಿ. ಕತ್ತಲಲ್ಲಿ ನುಸುಳಿ ಬಿಲ್ಲು ಬಿಡುವವರಿಗೆ ಲೈಟ್. ಇದರಲ್ಲಿ ಇನ್ನೇನೂ ಗುಟ್ಟಿಲ್ಲ. ಆದರೆ ಎರಡನ್ನೂ ಬೆರೆಸಬೇಡಿ. ಪೆಟ್ಟು ಬಿದ್ದಾಗ ಆ ಜಾತಿಯ ಆರ್ಮರ್‌ನ ಸ್ಕಿಲ್ (ಪರಿಣತಿಯ ಅಂಕಿ) ಏರುತ್ತದೆ. ಅರ್ಧ ಹೆವಿ, ಅರ್ಧ ಲೈಟ್ ಹಾಕಿದರೆ ಎರಡೂ ಅರ್ಧಂಬರ್ಧ ಏರಿ ನಿಲ್ಲುತ್ತವೆ. ನಾಲ್ಕೂ ತುಂಡು ಒಂದೇ ಜಾತಿಯದ್ದಾದರೆ, ಸ್ಕಿಲ್ 30 ಮುಟ್ಟಿದ ಮೇಲೆ ಶೇಕಡಾ 25 ಜಾಸ್ತಿ ರೇಟಿಂಗ್ ಕೊಡುವ ಪರ್ಕ್ (ಲೆವೆಲ್ ಏರಿದಾಗ ಆರಿಸುವ ವಿಶೇಷ ಬಲ) ತೆಗೆದುಕೊಳ್ಳಬಹುದು. ಹೆವಿಯಲ್ಲಿ ಇದರ ಹೆಸರು ವೆಲ್ ಫಿಟೆಡ್.

ಗಾರ್ಡಿಯನ್ ಕಲ್ಲು ಮುಟ್ಟುವಾಗಲೂ ಇದು ನೆನಪಿರಲಿ. ಹೆವಿ ಆರ್ಮರ್ ಮತ್ತು ಸ್ಮಿಥಿಂಗ್ (ಕಮ್ಮಾರಿಕೆ) ಎರಡೂ ವಾರಿಯರ್ ಕಲ್ಲಿಗೆ ಸೇರಿದವು. ಲೈಟ್ ಆರ್ಮರ್ ಥೀಫ್ ಕಲ್ಲಿಗೆ. ಮುಟ್ಟಿದ ಕಲ್ಲಿನ ಸ್ಕಿಲ್‌ಗಳು ಶೇಕಡಾ 20 ಬೇಗ ಏರುತ್ತವೆ.

ಈ ಆರ್ಮರ್ ರೇಟಿಂಗ್ ಅಂದ್ರೆ ಎಂತದು? ನನ್ನದು 60 ಚಿಲ್ಲರೆ ತೋರಿಸ್ತದೆ, ಅದು ಒಳ್ಳೆದಾ?

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಇದೊಂದು ಅರ್ಥವಾದರೆ ಅರ್ಧ ಆಟ ಗೆದ್ದ ಹಾಗೆ.

ತೋರಿಸುವ ರೇಟಿಂಗ್‌ನ ಒಂದೊಂದು ಅಂಕಿಯೂ ಪೆಟ್ಟನ್ನು ಶೇಕಡಾ 0.12 ಕಡಿಮೆ ಮಾಡುತ್ತದೆ. ಅದರ ಮೇಲೆ, ಹಾಕಿಕೊಂಡ ಪ್ರತಿ ತುಂಡಿಗೂ ಶೇಕಡಾ 3 ಬಿಟ್ಟಿಯಾಗಿ ಸಿಗುತ್ತದೆ. ಈ ಬಿಟ್ಟಿಯದ್ದನ್ನು ಆಟ ನಿಮಗೆ ಎಲ್ಲೂ ತೋರಿಸುವುದಿಲ್ಲ. ತುಂಡು ಹರಕು ಚರ್ಮದ್ದಾದರೂ 3, ಡೇಡ್ರಿಕ್ ಆದರೂ 3.

ಈಗ ಲೆಕ್ಕ ಹಾಕಿ ನೋಡೋಣ. ಕಬ್ಬಿಣದ ನಾಲ್ಕು ತುಂಡಿನ ಮೂಲ ರೇಟಿಂಗ್ 60. ಮೈಗೆ 25, ತಲೆಗೆ 15, ಕೈಗೆ 10, ಕಾಲಿಗೆ 10. ಸ್ಕಿಲ್ 15 ಇರುವ ಹೊಸಬರಿಗೆ ಅದು 64ರ ಹತ್ತಿರ ತೋರಿಸುತ್ತದೆ. ಅದರಿಂದ ಸಿಗುವ ರಕ್ಷಣೆ ಶೇಕಡಾ 8ಕ್ಕೂ ಸ್ವಲ್ಪ ಕಡಿಮೆ. ನಾಲ್ಕು ತುಂಡಿನ ಬಿಟ್ಟಿ 12. ಒಟ್ಟು ಸುಮಾರು 20. ಅಂದರೆ ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದೇ ಜಾಸ್ತಿ!

ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಡೇಡ್ರಿಕ್ ಸೆಟ್ಟಿನದ್ದು. ಅದರ ಮೂಲ ರೇಟಿಂಗ್ 108. ಅದೇ ಹೊಸಬರ ಮೈಗೆ ಅದನ್ನು ಹಾಕಿದರೆ ಒಟ್ಟು ರಕ್ಷಣೆ ಸುಮಾರು ಶೇಕಡಾ 26. ಕಬ್ಬಿಣಕ್ಕೆ 20, ಡೇಡ್ರಿಕ್‌ಗೆ 26. ಅಷ್ಟೇ ವ್ಯತ್ಯಾಸ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಶುರುವಿನಲ್ಲಿ ಲೋಹದ ಹೆಸರಿನ ಹಿಂದೆ ಓಡಬೇಡಿ. ತುಂಡು ಪೂರ್ತಿ ಮಾಡಿ, ಪರ್ಕ್ ಹಾಕಿ, ಆರ್ಮರ್ ಸುಧಾರಿಸುವ ವರ್ಕ್‌ಬೆಂಚಿಗೆ ಹೋಗಿ. ಈ ಮೂರರ ಮುಂದೆ ಲೋಹದ ಹೆಸರು ಸಣ್ಣದು.

ಶೀಲ್ಡ್ ನಿಜವಾಗ್ಲೂ ಬೇಕಾ? ನಂಗೆ ಬ್ಲಾಕ್ ಮಾಡ್ಲಿಕ್ಕೇ ನೆನಪಾಗುದಿಲ್ಲ.

ಬ್ಲಾಕ್ ಮಾಡದಿದ್ದರೂ ಶೀಲ್ಡ್ ಕೆಲಸ ಮಾಡುತ್ತದೆ. ಕೈಯಲ್ಲಿ ಹಿಡಿದಿದ್ದರೆ ಸಾಕು, ಅದರ ರೇಟಿಂಗ್ ಒಟ್ಟಿಗೆ ಸೇರುತ್ತದೆ, ಬಿಟ್ಟಿ ಶೇಕಡಾ 3 ಕೂಡ ಸಿಗುತ್ತದೆ. ಕಬ್ಬಿಣದ ಶೀಲ್ಡ್‌ನ ಮೂಲ ರೇಟಿಂಗ್ 20. ಹೊಸಬರಿಗೆ ಅದೊಂದರಿಂದಲೇ ಶೇಕಡಾ 5ರ ಮೇಲೆ ಪೆಟ್ಟು ಕಡಿಮೆಯಾಗುತ್ತದೆ. ನಾಲ್ಕು ತುಂಡು ಕಬ್ಬಿಣಕ್ಕೆ ಈ ಶೀಲ್ಡ್ ಸೇರಿಸಿದರೆ ಶೀಲ್ಡ್ ಇಲ್ಲದ ಡೇಡ್ರಿಕ್ ಸೆಟ್ಟಿನ ಹತ್ತಿರ ಹತ್ತಿರ ಬರುತ್ತೀರಿ. ಎರಡು ಕೈಯ ಕೊಡಲಿ ಇಷ್ಟ ಅಂದರೆ ಅದನ್ನೇ ಹಿಡಿಯಿರಿ, ಆದರೆ ಮೊದಲ ಹತ್ತು ಲೆವೆಲ್‌ವರೆಗಾದರೂ ಒಂದು ಶೀಲ್ಡ್ ಚೀಲದಲ್ಲಿರಲಿ.

ಹೆವಿ ಹಾಕಿದ್ರೆ ಭಾರಕ್ಕೆ ನಡೀಲಿಕ್ಕೇ ಆಗುದಿಲ್ಲ. ಎಂತ ಮಾಡೂದು?

ಶುರುವಿನಲ್ಲಿ ಹೊರುವ ಶಕ್ತಿ 300. ಲೆವೆಲ್ ಏರಿದಾಗ ಸ್ಟ್ಯಾಮಿನಾ ಆರಿಸಿದರೆ ಪ್ರತಿ ಸಲ 5 ಜಾಸ್ತಿಯಾಗುತ್ತದೆ. ಡ್ವಾರ್ವನ್ ಅನ್ನುವ ಹೆವಿ ಸೆಟ್ ಒಂದೇ 75 ತೂಗುತ್ತದೆ, ಚರ್ಮದ ಸೆಟ್ ಬರೀ 12. ಹಾಗಾಗಿ ಈ ಕಷ್ಟ ಹೆವಿ ಹಾಕುವವರಿಗೆಲ್ಲ ಬರುವುದೇ.

ಇದಕ್ಕೆ ಸ್ಟೀಡ್ ಅನ್ನುವ ಇನ್ನೊಂದು ವರದ ಕಲ್ಲಿನಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಸಾಲಿಟ್ಯೂಡ್ ಪಟ್ಟಣದ ವಾಯವ್ಯಕ್ಕೆ ಗುಡ್ಡದಲ್ಲಿದೆ. ಮುಟ್ಟಿದರೆ ಹೊರುವ ಶಕ್ತಿ 100 ಏರುತ್ತದೆ, ಮೈಮೇಲಿನ ಆರ್ಮರ್‌ಗೆ ತೂಕವೇ ಇರುವುದಿಲ್ಲ, ಓಟವೂ ನಿಧಾನವಾಗುವುದಿಲ್ಲ. ಇದೇ ತೂಕ ತೆಗೆಯುವ ಪರ್ಕ್ ಹೆವಿಯಲ್ಲಿ ಸ್ಕಿಲ್ 70ಕ್ಕೆ, ಲೈಟ್‌ನಲ್ಲಿ 50ಕ್ಕೆ ಸಿಗುತ್ತದೆ. ಕಲ್ಲಿಗೆ ಯಾವ ಲೆವೆಲ್ಲೂ ಬೇಡ, ನಡೆದು ಹೋದರಾಯಿತು.

ಅಂದ ಹಾಗೆ, ವೈಟ್‌ರನ್ ಪಟ್ಟಣದಲ್ಲಿ ಮೊದಲ ಡ್ರ್ಯಾಗನ್ ಕೊಂದ ಮೇಲೆ ಲಿಡಿಯಾ ಅನ್ನುವ ಯೋಧೆ ಜೊತೆಗೆ ಬರುತ್ತಾಳೆ. ಹೆಚ್ಚಿನ ಸಾಮಾನು ಅವಳಿಗೆ ಕೊಡಿ. ನಿಮ್ಮ ಹಳೆ ಆರ್ಮರ್ ಅವಳದ್ದಕ್ಕಿಂತ ಒಳ್ಳೆಯದಾದರೆ ಅವಳೇ ಹಾಕಿಕೊಳ್ಳುತ್ತಾಳೆ.

ಗುಹೆಯ ಒಳಗಿರುವಾಗ್ಲೇ ಕರೆಂಟ್ ಹೋಯ್ತು. ಸಿಕ್ಕಿದ ಆರ್ಮರ್ ಎಲ್ಲ ಹೋಯ್ತಾ?

ಕೊನೆಯ ಸೇವ್ ಆದ ಮೇಲೆ ಸಿಕ್ಕಿದ್ದೆಲ್ಲ ಹೋಯಿತು. ಬಾಗಿಲು ದಾಟುವಾಗ ಆಟ ತಾನಾಗಿಯೇ ಸೇವ್ ಮಾಡುತ್ತದೆ, ಆದರೆ ದೊಡ್ಡ ಗುಹೆಯಲ್ಲಿ ಎರಡು ಬಾಗಿಲ ನಡುವೆ ತುಂಬಾ ಹೊತ್ತು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪ್ರತಿ ಪೆಟ್ಟಿಗೆ ತೆರೆದ ಮೇಲೂ ಎಫ್5 ಒತ್ತಿ ಸೇವ್ ಮಾಡುವುದು ಅಭ್ಯಾಸವಾಗಲಿ. ಆಗಾಗ ಮೆನುವಿಗೆ ಹೋಗಿ ಬೇರೆ ಸೇವ್ ಕೂಡ ಮಾಡಿಡಿ.

## ಎಲ್ಲಿ ಹುಡುಕುವುದು

ಎಷ್ಟು ಪೆಟ್ಟಿಗೆ ತೆಗೆದ್ರೂ ಬರೀ ಕಬ್ಬಿಣ, ಚರ್ಮ. ನನ್ನ ನಸೀಬೇ ಸರಿ ಇಲ್ವಾ?

ನಸೀಬಿಗೂ ಇದಕ್ಕೂ ಸಂಬಂಧ ಇಲ್ಲ. ಪೆಟ್ಟಿಗೆಯಲ್ಲಿ, ಅಂಗಡಿಯಲ್ಲಿ ಏನಿರಬೇಕು ಅನ್ನುವುದನ್ನು ಆಟ ನಿಮ್ಮ ಲೆವೆಲ್ ನೋಡಿ ತೀರ್ಮಾನಿಸುತ್ತದೆ. ಲೆವೆಲ್ 4ರಲ್ಲಿ ನೂರು ಪೆಟ್ಟಿಗೆ ಒಡೆದರೂ ಎಬೊನಿಯಂಥ ಮೇಲಿನ ದರ್ಜೆಯದ್ದು ಸಿಗದು. ಮತ್ತೊಂದು ವಿಷಯ, ಹೆಚ್ಚಿನ ಗುಹೆ, ಕೋಟೆಗಳು ನೀವು ಮೊದಲ ಸಲ ಕಾಲಿಟ್ಟಾಗ ಇದ್ದ ಲೆವೆಲ್ ಅನ್ನೇ ಹಿಡಿದುಕೊಳ್ಳುತ್ತವೆ. ಸುಮ್ನೆ ಇಣುಕಿ ನೋಡಿ ಬರುತ್ತೇನೆ ಅಂತ ಎಲ್ಲಾ ಗುಹೆಗೂ ಹೊಕ್ಕು ಬರಬೇಡಿ.

ಹಾಗಾದರೆ ಬೇಗ ಬಲ ಬರಬೇಕಾದರೆ ದಾರಿ ಎರಡೇ. ಲೆವೆಲ್ ಕೇಳದೆ ಕೊಡುವ ಕ್ವೆಸ್ಟ್‌ಗಳಿಗೆ ಹೋಗುವುದು. ಇಲ್ಲ, ಕುಲುಮೆಯಲ್ಲಿ ನಾವೇ ಮಾಡಿಕೊಳ್ಳುವುದು.

ಲೆವೆಲ್ ಕೇಳದೆ ಸಿಗುವ ದೊಡ್ಡ ಆರ್ಮರ್ ಯಾವುದಾದ್ರೂ ಉಂಟಾ ಮಾರಾಯ್ರೆ?

ಉಂಟು. ಸೇವಿಯರ್ಸ್ ಹೈಡ್. ನನ್ನ ಮಟ್ಟಿಗೆ ಶುರುವಿನ ಆಟದಲ್ಲಿ ಇದಕ್ಕಿಂತ ಒಳ್ಳೆಯ ಲೈಟ್ ಆರ್ಮರ್ ಇಲ್ಲ. ಮೂಲ ರೇಟಿಂಗ್ 26, ತೂಕ ಬರೀ 6. ಮಂತ್ರದ ಪೆಟ್ಟನ್ನು ಶೇಕಡಾ 15, ವಿಷವನ್ನು ಶೇಕಡಾ 50 ತಡೆಯುತ್ತದೆ.

ಫಾಕ್ರೀತ್ ಪಟ್ಟಣಕ್ಕೆ ಹೋಗಿ. ವೈಟ್‌ರನ್ ಲಾಯದ ಹತ್ತಿರ ನಿಂತಿರುವ ಗಾಡಿಯಲ್ಲಿ 50 ಚಿನ್ನಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಜೈಲಿನಲ್ಲಿ ಸಿಂಡಿಂಗ್ ಅನ್ನುವವನು ಇದ್ದಾನೆ. ತೋಳವಾಗಿ ಬದಲಾಗಿದ್ದಾಗ ಒಂದು ಹೆಣ್ಣುಮಗುವನ್ನು ಕೊಂದವನು. ಹೆತ್ತವರು ಊರಿನ ಸ್ಮಶಾನದಲ್ಲಿ ನಿಂತಿರುತ್ತಾರೆ. ಮೊದಲು ಅವರ ಹತ್ತಿರ ಮಾತಾಡಿ ಆಮೇಲೆ ಜೈಲಿಗೆ ಹೋಗಿ, ಕಥೆ ಆಗಲೇ ಮನಸ್ಸಿಗೆ ತಟ್ಟುವುದು. ಸಿಂಡಿಂಗ್ ಒಂದು ಶಾಪದ ಉಂಗುರ ಕೊಟ್ಟು ತಪ್ಪಿಸಿಕೊಳ್ಳುತ್ತಾನೆ. ನೀವು ಬಿಳಿ ಜಿಂಕೆಯನ್ನು ಬೇಟೆಯಾಡಬೇಕು. ಅದು ಓಡುತ್ತದೆ, ಬಿಲ್ಲು ಬೇಕೇ ಬೇಕು. ಅದು ಸತ್ತಾಗ ಬೇಟೆಯ ದೇವತೆ ಹಿರ್ಸೀನ್ ಕಾಣಿಸಿಕೊಂಡು ಸಿಂಡಿಂಗ್‌ನ ಚರ್ಮ ತಾ ಅನ್ನುತ್ತಾನೆ.

ಅಲ್ಲಿಂದ ಬ್ಲೋಟೆಡ್ ಮ್ಯಾನ್ಸ್ ಗ್ರಾಟೋ. ಒಳಗೆ ಕೆಂಪು ಚಂದ್ರನ ಬೆಳಕು, ಸಾಯುತ್ತಾ ಬಿದ್ದಿರುವ ಬೇಟೆಗಾರರು. ಸಿಂಡಿಂಗ್‌ನನ್ನು ಕೊಂದು ಅವನ ಚರ್ಮ ಸುಲಿದು ಹೊರಬಂದರೆ ಅದೇ ಸೇವಿಯರ್ಸ್ ಹೈಡ್ ಆಗುತ್ತದೆ. ಲೆವೆಲ್ ಕಡಿಮೆ ಇದ್ದರೆ ಅವನು ಎರಡು ಏಟಿಗೆ ಮುಗಿಸುತ್ತಾನೆ, ಒಬ್ಬರೇ ಮುಂದೆ ನುಗ್ಗಬೇಡಿ. ಬೇಟೆಗಾರರು ಇನ್ನೂ ಬದುಕಿರುವಾಗ ಅವರ ಹಿಂದೆ ನಿಂತು ಬಾಣ ಬಿಡಿ.

ಅವನನ್ನು ಬಿಟ್ಟು ಬೇಟೆಗಾರರನ್ನು ಕೊಂದರೆ ಶಾಪ ಹೋದ ಉಂಗುರ ಸಿಗುತ್ತದೆ. ಉಂಗುರ ಪಡೆದ ಮೇಲೆ ಒಳಗೆ ವಾಪಸ್ ಹೋಗಿ ಅವನನ್ನೂ ಕೊಂದರೆ ಎರಡೂ ನಿಮ್ಮದು. ತೋಳ ಆಗದವರಿಗೆ ಉಂಗುರದ ಉಪಯೋಗ ಇಲ್ಲ. ಅದಕ್ಕಾಗಿ ನಂಬಿಸಿ ಕೊಲ್ಲುವುದು ನನಗಂತೂ ಇಷ್ಟವಿಲ್ಲ.

ಆ ಕಪ್ಪು–ಕೆಂಪು ಡಾರ್ಕ್ ಬ್ರದರ್‌ಹುಡ್ ಆರ್ಮರ್ ಬೇಗ ಸಿಗೂದು ಹೇಗೆ?

ವಿಂಡ್‌ಹೆಲ್ಮ್‌ನಲ್ಲಿ ಅವೆಂಟಸ್ ಅನ್ನುವ ಹುಡುಗ ಒಬ್ಬನೇ ಒಂದು ಮನೆಯಲ್ಲಿ ಕೂತು ಪೂಜೆ ಮಾಡುತ್ತಿರುತ್ತಾನೆ. ಅವನು ಹೇಳಿದ ಹಾಗೆ ರಿಫ್ಟನ್‌ನ ಅನಾಥಾಶ್ರಮದ ಗ್ರೆಲೋಡ್ ಅನ್ನುವ ಮುದುಕಿಯನ್ನು ಕೊಲ್ಲಬೇಕು. ವಾಪಸ್ ಬಂದು ಹುಡುಗನಿಗೆ ಹೇಳಿ. ಆಮೇಲೆ ಒಂದು ರಾತ್ರಿ ಮಲಗಿದಾಗ, ಡಾರ್ಕ್ ಬ್ರದರ್‌ಹುಡ್ ಅನ್ನುವ ಈ ಕೊಲೆಗಾರರ ಗುಂಪಿನ ನಾಯಕಿ ಆಸ್ಟ್ರಿಡ್ ನಿಮ್ಮನ್ನು ಎತ್ತಿಕೊಂಡು ಹೋಗಿರುತ್ತಾಳೆ. ಗುಡಿಸಲಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಮೂವರಲ್ಲಿ ಯಾರನ್ನು ಕೊಂದರೂ ಪರವಾಗಿಲ್ಲ. ಫಾಕ್ರೀತ್ ಹತ್ತಿರದ ಅವರ ಅಡಗುತಾಣಕ್ಕೆ ಹೋದರೆ ಸೆಟ್ ಕೈಗೆ ಬರುತ್ತದೆ.

ಇದೂ ಲೆವೆಲ್ ಕೇಳುವುದಿಲ್ಲ. ದೊಡ್ಡ ಯುದ್ಧವೂ ಇಲ್ಲ. ಮೈಯ ತುಂಡು ವಿಷವನ್ನು ಅರ್ಧ ತಡೆಯುತ್ತದೆ, ಬೂಟು ಹೆಜ್ಜೆಯ ಸದ್ದು ಅಡಗಿಸುತ್ತದೆ, ಗ್ಲೌಸ್ ಹಿಂದಿನಿಂದ ಇರಿದ ಪೆಟ್ಟನ್ನು ಎರಡು ಪಟ್ಟು ಮಾಡುತ್ತದೆ, ತಲೆಯದ್ದು ಬಿಲ್ಲಿಗೆ ಬಲ ಕೊಡುತ್ತದೆ. ನುಸುಳಿ ಆಡುವವರಿಗೆ ಇದು ಚಿನ್ನ. ಎದುರು ನಿಂತು ಹೊಡೆಯುವವರಿಗೆ ಪ್ರಯೋಜನ ಕಡಿಮೆ.

ಕೊಲೆ ಬೇಡ ಅನ್ನುವವರು ರಿಫ್ಟನ್ ಮಾರ್ಕೆಟ್ಟಿನ ಬ್ರಿನ್ಯೋಲ್ಫ್‌ನನ್ನು ಹಿಡಿಯಿರಿ. ಮೂವರ ಸಾಲ ವಸೂಲಿ ಮಾಡಿಕೊಟ್ಟ ಮೇಲೆ ಥೀವ್ಸ್ ಗಿಲ್ಡ್ ಅನ್ನುವ ಕಳ್ಳರ ಸಂಘದ ಟೊನಿಲಿಯಾ ಒಂದು ಲೈಟ್ ಸೆಟ್ ಕೊಡುತ್ತಾಳೆ. ಅದರಲ್ಲಿ ಹೊರುವ ಶಕ್ತಿ 20 ಜಾಸ್ತಿ, ಬೀಗ ತೆಗೆಯುವುದೂ ಸುಲಭ.

ಕಂಪ್ಯಾನಿಯನ್ಸ್ ಸೇರಿದ್ರೆ ಸಿಗುವ ವುಲ್ಫ್ ಆರ್ಮರ್ ಸ್ಟೀಲ್‌ಗಿಂತ ಒಳ್ಳೆದಾ?

ವೈಟ್‌ರನ್‌ನ ಯೋಧರ ಗುಂಪಾದ ಕಂಪ್ಯಾನಿಯನ್ಸ್‌ನ ವುಲ್ಫ್ ಇರಲಿ, ಸ್ಟೀಲ್ (ಉಕ್ಕು) ಇರಲಿ, ರೇಟಿಂಗ್ ಎರಡಕ್ಕೂ ಒಂದೇ, ನಾಲ್ಕು ತುಂಡಿಗೆ 72. ನೋಡಲು ಚಂದ ಅಂತ ಬೇಕಾದರೆ ಹಾಕಿ, ನನಗೂ ಅದರ ಕೆತ್ತನೆ ಇಷ್ಟ.

ನೈಟಿಂಗೇಲ್ ಆರ್ಮರ್ ಬೇಗ ತಗೊಂಡ್ರೆ ಮತ್ತೆ ತೊಂದರೆ ಅಂತ ಹೇಳ್ತಾರೆ. ಹೌದಾ?

ಹೌದು. ಅದು ಕೈಗೆ ಬಂದಾಗ ನೀವು ಯಾವ ಲೆವೆಲ್‌ನಲ್ಲಿರುತ್ತೀರೋ ಆ ಲೆವೆಲ್‌ನ ಬಲವೇ ಅದಕ್ಕೆ ಕಾಯಂ. ಮುಂದೆ ನೀವು ಬೆಳೆದರೂ ಅದು ಬೆಳೆಯುವುದಿಲ್ಲ. ಅತ್ಯುತ್ತಮದ್ದು ಬೇಕಾದರೆ 32 ಆಗುವವರೆಗೆ ಕಾಯಿರಿ. ಥೀವ್ಸ್ ಗಿಲ್ಡ್‌ನ ಕೆಲಸ ಶುರು ಮಾಡಬಹುದು, ಆ ಆರ್ಮರ್ ಕೊಡುವ ಘಟ್ಟಕ್ಕೆ ಬಂದಾಗ ನಿಲ್ಲಿಸಿ.

ಎಬೊನಿ ಮೇಲ್ ಅನ್ನುವ ಆರ್ಮರ್ ಕೂಡ ಬೇಗ ಸಿಗುವುದಿಲ್ಲ. ಅದನ್ನು ಕೊಡುವ ಬೊಎಥಿಯಾ ದೇವತೆಯ ಕ್ವೆಸ್ಟ್‌ಗೆ ಲೆವೆಲ್ 30 ಬೇಕು, ಜೊತೆಗಿರುವವರೊಬ್ಬರನ್ನು ಬಲಿ ಕೊಡಬೇಕು. ಡ್ರ್ಯಾಗನ್‌ಬಾರ್ನ್ ಡಿಎಲ್‌ಸಿಯ (ಆಟಕ್ಕೆ ಆಮೇಲೆ ಬಂದ ಸೇರ್ಪಡೆ) ಡೆತ್‌ಬ್ರ್ಯಾಂಡ್ ಆರ್ಮರ್‌ಗೆ ಲೆವೆಲ್ 36. ಶುರುವಿನಲ್ಲೇ ಇವನ್ನು ಪಡೆಯಿರಿ ಅಂತ ಹೇಳುವ ವೀಡಿಯೊ ಕಂಡರೆ ಮುಂದಕ್ಕೆ ಹೋಗಿ.

ನಾನು ಮಂತ್ರ ಮಾತ್ರ ಬಳಸೂದು. ಆರ್ಮರ್ ಹಾಕ್ಬೇಕಾ ಬೇಡ್ವಾ?

ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಆಲ್ಟರೇಶನ್ ಅನ್ನುವ ಮಂತ್ರವಿದ್ಯೆಯ ಓಕ್‌ಫ್ಲೆಶ್ ಮಂತ್ರ 60 ಸೆಕೆಂಡ್ ಕಾಲ 40 ರೇಟಿಂಗ್ ಕೊಡುತ್ತದೆ. ಆಲ್ಟರೇಶನ್ 30 ಆದಾಗ ಮೇಜ್ ಆರ್ಮರ್ ಪರ್ಕ್ ಹಾಕಿದರೆ ಅದು ಎರಡು ಪಟ್ಟಾಗುತ್ತದೆ. ಆದರೆ ಮೈಮೇಲೆ ಒಂದು ಚರ್ಮದ ಬೂಟು ಇದ್ದರೂ ಪರ್ಕ್ ಕೆಲಸ ಮಾಡುವುದಿಲ್ಲ. ನಿಲುವಂಗಿ, ಉಂಗುರ, ಹಾರ ಪರವಾಗಿಲ್ಲ. ಮಂತ್ರ ಕಲಿಸುವ ವಿಂಟರ್‌ಹೋಲ್ಡ್ ಕಾಲೇಜಿಗೆ ಸೇರಿದ ಕೂಡಲೇ ಅಲ್ಲಿನ ಮಿರಬೆಲ್ ನಿಲುವಂಗಿ ಕೊಡುತ್ತಾಳೆ.

ನಿಮಿಷಕ್ಕೊಮ್ಮೆ ಮಂತ್ರ ಹಾಕುವುದು ಮರೆತು ಹೋಗುತ್ತದೆ ಅನ್ನುವವರು ಲೈಟ್ ಆರ್ಮರ್ ಹಾಕಿ. ಮಂತ್ರಗಾರರು ಆರ್ಮರ್ ಹಾಕಬಾರದು ಅನ್ನುವ ನಿಯಮ ಈ ಆಟದಲ್ಲಿಲ್ಲ.

## ಕುಲುಮೆಯ ಕೆಲಸ

ಹುಡುಕೂದು ಬಿಟ್ಟು ನಾನೇ ಮಾಡಿಕೊಳ್ಳುವುದಾದ್ರೆ ಯಾವುದರಿಂದ ಶುರು ಮಾಡ್ಲಿ?

ಉಕ್ಕಿನಿಂದ. ಸ್ಟೀಲ್ ಸ್ಮಿಥಿಂಗ್ ಪರ್ಕ್‌ಗೆ ಯಾವ ಸ್ಕಿಲ್ಲೂ ಬೇಡ. ಲೆವೆಲ್ 2 ಆದಾಗಲೇ ಹಾಕಬಹುದು. ಅದರಿಂದ ಉಕ್ಕಿನ ಆರ್ಮರ್ ಮಾಡಲು ಬರುತ್ತದೆ, ವರ್ಕ್‌ಬೆಂಚಿನಲ್ಲಿ ಅದನ್ನು ಎರಡು ಪಟ್ಟು ಚೆನ್ನಾಗಿ ಸುಧಾರಿಸಲೂ ಬರುತ್ತದೆ. ತುಂಬಾ ಜನ ಈ ಎರಡನೆಯದ್ದನ್ನು ಗಮನಿಸುವುದೇ ಇಲ್ಲ.

ವೈಟ್‌ರನ್ ಬಾಗಿಲು ದಾಟಿದ ಕೂಡಲೇ ವಾರ್‌ಮೇಡನ್ಸ್ ಅಂಗಡಿ. ಏಡ್ರಿಯನ್ ಹೊರಗೇ ಕೆಲಸ ಮಾಡುತ್ತಿರುತ್ತಾಳೆ. ಕುಲುಮೆ, ಅದಿರು ಕರಗಿಸುವ ಸ್ಮೆಲ್ಟರ್, ಚರ್ಮ ಹದ ಮಾಡುವ ಚೌಕಟ್ಟು, ಸಾಣೆಕಲ್ಲು, ವರ್ಕ್‌ಬೆಂಚ್ ಎಲ್ಲ ಒಂದೇ ಜಾಗದಲ್ಲಿವೆ. ಸಾಣೆಕಲ್ಲು ಆಯುಧಕ್ಕೆ, ವರ್ಕ್‌ಬೆಂಚ್ ಆರ್ಮರ್‌ಗೆ. ಒಂದೊಂದು ತುಂಡಿಗೆ ಒಂದು ಉಕ್ಕಿನ ಗಟ್ಟಿ ಕೊಟ್ಟು ಸುಧಾರಿಸಿ. ಹೆಸರಿನ ಪಕ್ಕದಲ್ಲಿ ‘ಫೈನ್’ ಅಂತ ಬರುತ್ತದೆ. ಸ್ಮಿಥಿಂಗ್ ಏರಿದ ಹಾಗೆ ಅದೇ ತುಂಡನ್ನು ಮತ್ತೆ ತಂದು ಸುಪೀರಿಯರ್, ಎಕ್ಸ್‌ಕ್ವಿಸಿಟ್, ಫ್ಲಾಲೆಸ್ ಅಂತ ಏರಿಸುತ್ತಾ ಹೋಗಬಹುದು. ಬೆಂಚಿನಲ್ಲಿ ಸೇರಿದ ಅಂಕಿಯ ಮೇಲೂ ನಿಮ್ಮ ಹೆವಿ ಆರ್ಮರ್ ಪರ್ಕ್ ಗುಣಿಸುತ್ತದೆ, ಹಾಗಾಗಿ ಲಾಭ ಎರಡು ಕಡೆಯಿಂದ.

ಜೊತೆಗೆ ಜಗರ್‌ನಾಟ್ ಪರ್ಕ್‌ನ ಮೊದಲ ಮೆಟ್ಟಿಲು ಹಾಕಿ. ಹೆವಿ ಆರ್ಮರ್ ರೇಟಿಂಗ್ ಶೇಕಡಾ 20 ಏರುತ್ತದೆ. ಹೆವಿ ಸ್ಕಿಲ್ 20 ಆದಾಗ ಎರಡನೆಯದ್ದು, 40ಕ್ಕೆ ಮೂರನೆಯದ್ದು. ಐದೂ ಮುಗಿದಾಗ ರೇಟಿಂಗ್ ಎರಡು ಪಟ್ಟು.

ಡ್ವಾರ್ವನ್ ಆರ್ಮರ್‌ಗೆ ಲೋಹ ಎಲ್ಲಿಂದ? ಡ್ವೆಮರ್ ಸಾಮಾನು ಚೀಲ ತುಂಬಾ ಉಂಟು, ಕರಗುದೇ ಇಲ್ಲ.

ಡ್ವಾರ್ವನ್ ಲೋಹ ಬರುವುದು ಡ್ವೆಮರ್ ಅನ್ನುವ ಅಳಿದು ಹೋದ ಜನರ ಸಾಮಾನಿನಿಂದ. ಆದರೆ ಎಲ್ಲಾ ಡ್ವೆಮರ್ ಸಾಮಾನು ಕರಗುವುದಿಲ್ಲ. ಕಾಗ್, ಗೇರ್, ಲಿವರ್, ಜೈರೋ ಎಲ್ಲ ಸುಮ್ನೆ ಭಾರ. ಅವನ್ನು ಅಲ್ಲೇ ಬಿಟ್ಟು ಬನ್ನಿ. ಕರಗುವುದು ಐದೇ ಐದು: ಬೆಂಟ್ ಸ್ಕ್ರ್ಯಾಪ್ ಮೆಟಲ್, ಸಾಲಿಡ್ ಮೆಟಲ್, ದೊಡ್ಡ ಪ್ಲೇಟ್, ಸಣ್ಣ ಪ್ಲೇಟ್, ದೊಡ್ಡ ಡೆಕೊರೇಟಿವ್ ಸ್ಟ್ರಟ್. ಸ್ಮೆಲ್ಟರ್‌ಗೆ ಹಾಕಿದರೆ ಒಂದೊಂದರಿಂದ ಒಂದಕ್ಕಿಂತ ಜಾಸ್ತಿ ಗಟ್ಟಿ ಬರುತ್ತದೆ.

ಹುಡುಕಲು ಒಳ್ಳೆಯ ಜಾಗ ಮಾರ್ಕಾರ್ತ್. ವೈಟ್‌ರನ್‌ನಿಂದ ಗಾಡಿಗೆ 20 ಚಿನ್ನ. ಅಂಡರ್‌ಸ್ಟೋನ್ ಕೀಪ್ ಒಳಗಿರುವ ಪಂಡಿತ ಕಾಲ್ಸೆಲ್ಮೊ ಜೊತೆ ಮಾತಾಡಿದರೆ ಒಂದು ವಿಷದ ಜೇಡವನ್ನು ಕೊಲ್ಲಲು ಹೇಳುತ್ತಾನೆ. ಅದರ ಹಿಂದೆಯೇ ನ್ಚುಆಂಡ್‌ಜೆಲ್ ಅನ್ನುವ ಹಳೆಯ ಡ್ವೆಮರ್ ಪಟ್ಟಣ. ಜೇಡದ ವಿಷ ಜೋರು, ಔಷಧಿ ಇಟ್ಟುಕೊಂಡು ಹೋಗಿ. ಡ್ವೆಮರ್ ಯಂತ್ರಗಳು ಕಷ್ಟವಾದರೆ ಒಳಗೆ ಆಳಕ್ಕೆ ಹೋಗದೆ ಸಿಕ್ಕಿದಷ್ಟು ಎತ್ತಿಕೊಂಡು ಬನ್ನಿ.

ಡ್ವಾರ್ವನ್ ಸ್ಮಿಥಿಂಗ್ ಪರ್ಕ್‌ಗೆ ಸ್ಕಿಲ್ 30 ಬೇಕು. ಸೆಟ್ಟಿನ ರೇಟಿಂಗ್ 78, ಉಕ್ಕಿಗಿಂತ 6 ಮಾತ್ರ ಜಾಸ್ತಿ, ತೂಕ 52ರ ಬದಲು 75. ನನ್ನ ಕೇಳಿದರೆ ಆರ್ಮರ್‌ಗಿಂತ ದೊಡ್ಡ ಲಾಭ ಬೇರೆ ಇದೆ. ಬಿಟ್ಟಿ ಲೋಹದಿಂದ ಡ್ವಾರ್ವನ್ ಬಿಲ್ಲು ಮಾಡಿ ಮಾರುತ್ತಾ ಹೋದರೆ ಸ್ಮಿಥಿಂಗ್ ಸರಸರ ಏರುತ್ತದೆ, ಕೈಗೆ ದುಡ್ಡೂ ಬರುತ್ತದೆ.

ಕಬ್ಬಿಣದ ಕಠಾರಿ ನೂರು ಮಾಡಿದ್ರೆ ಸ್ಮಿಥಿಂಗ್ ಏರ್ತದೆ ಅಂತ ಅಣ್ಣ ಹೇಳಿದ. ಏರುದೇ ಇಲ್ಲ!

ಅಣ್ಣ ಹೇಳಿದ್ದು 2011ರಲ್ಲಿ ಸರಿ ಇತ್ತು. 2012ರ ಅಪ್‌ಡೇಟ್ ಆದ ಮೇಲೆ, ಮಾಡಿದ ವಸ್ತುವಿನ ಬೆಲೆ ಎಷ್ಟೋ ಅದಕ್ಕೆ ತಕ್ಕ ಹಾಗೆ ಸ್ಕಿಲ್ ಏರುತ್ತದೆ. ಕಠಾರಿಗೆ ಬೆಲೆ ಇಲ್ಲ.

ಬೆಲೆ ಇರುವುದು ಚಿನ್ನಕ್ಕೆ. ವೈಟ್‌ರನ್‌ನ ಉತ್ತರಕ್ಕೆ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್ ಅಂತ ದರೋಡೆಕೋರರ ಬಿಡಾರ ಇದೆ. ಒಳಗೆ ಕಬ್ಬಿಣದ ಗಣಿ, ಅಲ್ಲೇ ಟ್ರಾನ್ಸ್‌ಮ್ಯೂಟ್ ಮಂತ್ರದ ಪುಸ್ತಕ. ಆ ಮಂತ್ರ ಕಬ್ಬಿಣದ ಅದಿರನ್ನು ಬೆಳ್ಳಿಯ ಅದಿರು ಮಾಡುತ್ತದೆ, ಇನ್ನೊಮ್ಮೆ ಹಾಕಿದರೆ ಬೆಳ್ಳಿಯದ್ದು ಚಿನ್ನದ್ದಾಗುತ್ತದೆ. ಸ್ಮೆಲ್ಟರ್‌ಗೆ ಹಾಕಿ, ಚಿನ್ನದ ಉಂಗುರ ಮಾಡಿ. ಅದಕ್ಕೆ ಪರ್ಕ್ ಬೇಡ. ಮ್ಯಾಜಿಕಾ (ಮಂತ್ರ ಹಾಕುವ ಶಕ್ತಿ) ಕಡಿಮೆ ಇರುವವರು ಮಧ್ಯೆ ಕಾಯಬೇಕಾಗುತ್ತದೆ, ಕಾಯುವ ಬಟನ್ ಒತ್ತಿ ಒಂದು ಗಂಟೆ ಕಳೆದರೆ ಮತ್ತೆ ತುಂಬುತ್ತದೆ. ಮಂತ್ರ ಹಾಕಿದಷ್ಟೂ ಆಲ್ಟರೇಶನ್ ಕೂಡ ಏರುತ್ತದೆ.

## ಇನ್ನೂ ಸ್ವಲ್ಪ ಮುಂದೆ ಹೋದವರಿಗೆ

ಆರ್ಮರ್ ರೇಟಿಂಗ್ ಒಳ್ಳೆ ಉಂಟು, ಆದ್ರೂ ಡ್ರ್ಯಾಗನ್ ಬೆಂಕಿಗೆ ಸುಟ್ಟು ಹೋಗ್ತೇನೆ. ಯಾಕೆ?

ಆರ್ಮರ್ ರೇಟಿಂಗ್ ತಡೆಯುವುದು ಕತ್ತಿ, ಕೊಡಲಿ, ಬಾಣ, ಕಚ್ಚುವಿಕೆಯನ್ನು ಮಾತ್ರ. ಬೆಂಕಿ, ಮಂಜು, ಮಿಂಚಿಗೆ ಅದು ಲೆಕ್ಕಕ್ಕೇ ಇಲ್ಲ. ಆಷಾಢದಲ್ಲಿ ಕೊಡೆ ಹಿಡಿದು ಮಲ್ಪೆ ಬೀಚಿಗೆ ಹೋದ ಹಾಗೆ: ಮೇಲಿನ ಮಳೆಗೆ ಕೊಡೆ ಸರಿ, ಕಡಲ ಕಡೆಯಿಂದ ಅಡ್ಡ ಹೊಡೆಯುವ ಎರಚಲಿಗೆ ರೈನ್‌ಕೋಟೇ ಬೇಕು. ಇಲ್ಲಿ ರೈನ್‌ಕೋಟು ಅಂದರೆ ಮ್ಯಾಜಿಕ್ ರೆಸಿಸ್ಟೆನ್ಸ್, ಮಂತ್ರದ ಪೆಟ್ಟನ್ನು ತಡೆಯುವ ಶಕ್ತಿ.

ಇದನ್ನು ಲೆವೆಲ್ ಇಲ್ಲದೆ ಕೂಡಿಸಬಹುದು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಬ್ರೆಟನ್ ಜನಾಂಗ ಆರಿಸಿದರೆ ಹುಟ್ಟಿನಿಂದಲೇ ಶೇಕಡಾ 25. ಮೊರ್ಥಾಲ್‌ನ ಪೂರ್ವಕ್ಕೆ ಬೆಟ್ಟದ ಮೇಲಿರುವ ಲಾರ್ಡ್ ಕಲ್ಲು ಮುಟ್ಟಿದರೆ ಇನ್ನೂ 25, ಜೊತೆಗೆ 50 ಆರ್ಮರ್ ರೇಟಿಂಗ್. ಸೇವಿಯರ್ಸ್ ಹೈಡ್‌ನಿಂದ 15. ಇನ್ನು 15 ರಿಫ್ಟನ್‌ನ ಮಾರಾ ಗುಡಿಯಲ್ಲಿ ಸಿಗುತ್ತದೆ. ಅಲ್ಲಿನ ದಿನ್ಯಾ ಬಾಲು ಕೊಡುವ ‘ಬುಕ್ ಆಫ್ ಲವ್’ ಕ್ವೆಸ್ಟ್‌ನಲ್ಲಿ ಹೊಡೆದಾಟವೇ ಇಲ್ಲ. ಐವರ್‌ಸ್ಟೆಡ್‌ನಲ್ಲಿ ಒಂದು ಹುಡುಗಿಯ ಪ್ರೀತಿ, ಮಾರ್ಕಾರ್ತ್‌ನಲ್ಲಿ ನಾಚಿಕೆಯ ಕಾಲ್ಸೆಲ್ಮೊನ ಪ್ರೀತಿ, ಕೊನೆಗೆ ಸತ್ತ ಗಂಡ–ಹೆಂಡತಿಯ ಆತ್ಮಗಳನ್ನು ಸೇರಿಸುವುದು. ಆಟದ ಅತಿ ಮೃದುವಾದ ಕಥೆಗಳಲ್ಲಿ ಇದೂ ಒಂದು. ದಾರಿಯಲ್ಲಿ ತೋಳ, ಕರಡಿ ಬಂದರೆ ಓಡಿದರಾಯಿತು.

ಎಲ್ಲ ಕೂಡಿಸಿ: 25, 25, 15, 15. ಒಟ್ಟು 80. ಆಟದ ಮಿತಿಯೇ 85! ಬ್ರೆಟನ್ ಅಲ್ಲದವರಿಗೂ 55 ಸಿಗುತ್ತದೆ. ಒಂದು ಸಲಕ್ಕೆ ಒಂದೇ ಕಲ್ಲಿನ ವರ, ಆದ್ದರಿಂದ ಲಾರ್ಡ್ ಮುಟ್ಟಿದರೆ ಸ್ಟೀಡ್ ಹೋಗುತ್ತದೆ. ಲೈಟ್ ಹಾಕುವವರು ಲಾರ್ಡ್ ಆರಿಸಿ.

ಡಾನ್‌ಸ್ಟಾರ್‌ನಲ್ಲಿ ಅಡಗಿಸಿಟ್ಟ ಪೆಟ್ಟಿಗೆ ಉಂಟಂತೆ. ತೆಗೀಬಹುದಾ?

ಉಂಟು. ಡಾನ್‌ಸ್ಟಾರ್‌ನ ಐರನ್‌ಬ್ರೇಕರ್ ಗಣಿಯ ಹತ್ತಿರ, ಬಂಡೆ ಮತ್ತು ಸಣ್ಣ ಮರದ ನಡುವೆ ನೆಲಕ್ಕೆ ನೋಡುತ್ತಾ ಹುಡುಕಿದರೆ ಸಿಗುತ್ತದೆ. ಅದು ಊರೂರು ತಿರುಗುವ ಖಾಜಿತ್ ವ್ಯಾಪಾರಿಯ ಸರಕು. ಸರಕು ಕೂಡ ನಿಮ್ಮ ಲೆವೆಲ್ ನೋಡಿಯೇ ಬರುವುದರಿಂದ ಶುರುವಿನಲ್ಲಿ ದೊಡ್ಡ ಆರ್ಮರ್ ಸಿಗುವುದಿಲ್ಲ. ಆಟಗಾರರೇ ಮಾಡಿದ ತಿದ್ದುಪಡಿಯಾದ ಅನ್‌ಅಫಿಶಿಯಲ್ ಪ್ಯಾಚ್ ಹಾಕಿದ್ದರೆ ಪೆಟ್ಟಿಗೆಯೇ ಇರದು. ಮೊದಲ ಸಲ ಆಡುವವರು ತೆಗೆಯಬೇಡಿ ಅಂತಲೇ ಹೇಳುತ್ತೇನೆ. ದುಡ್ಡಿಲ್ಲದೆ, ಸಾಮಾನಿಲ್ಲದೆ ಒದ್ದಾಡುವ ಆ ಮೊದಲ ದಿನಗಳ ಖುಷಿ ಮತ್ತೆ ಬರುವುದಿಲ್ಲ.

ಲೆಜೆಂಡರಿ ಡಿಫಿಕಲ್ಟಿಯಲ್ಲಿ ಬದುಕ್ಲಿಕ್ಕೆ ಎಷ್ಟು ರೇಟಿಂಗ್ ಬೇಕು?

ರಕ್ಷಣೆಯ ಮಿತಿ ಶೇಕಡಾ 80. ನಾಲ್ಕು ತುಂಡು ಹಾಕಿದವರಿಗೆ 567 ರೇಟಿಂಗ್‌ಗೆ ಅದು ಮುಟ್ಟುತ್ತದೆ, ಶೀಲ್ಡ್ ಸೇರಿದರೆ 542 ಸಾಕು. ಅದರ ಮೇಲೆ ಎಷ್ಟಿದ್ದರೂ ದಂಡ. ಅತಿ ಕಷ್ಟದ ಮಟ್ಟವಾದ ಲೆಜೆಂಡರಿಯಲ್ಲಿ ನಿಮಗೆ ಬೀಳುವ ಪೆಟ್ಟು ಮೂರು ಪಟ್ಟು, ನೀವು ಕೊಡುವುದು ಕಾಲು ಭಾಗ. ಮಿತಿ ಮುಟ್ಟಿದವರಿಗೆ ಆ ಮೂರು ಪಟ್ಟಿನಲ್ಲಿ ಐದನೇ ಒಂದು ಭಾಗ ತಾಗುತ್ತದೆ, ಅಂದರೆ 100ರ ಪೆಟ್ಟು 60 ಆಗಿ ಬೀಳುತ್ತದೆ. ಬದುಕಬಹುದು.

542 ಕೇಳಲು ದೊಡ್ಡ ಅಂಕಿ. ಜಗರ್‌ನಾಟ್ ಐದೂ ಮೆಟ್ಟಿಲು, ವೆಲ್ ಫಿಟೆಡ್, ನಾಲ್ಕೂ ತುಂಡು ಒಂದೇ ಸೆಟ್ಟಿನದ್ದಾದರೆ ಬಲ ಕೊಡುವ ಮ್ಯಾಚಿಂಗ್ ಸೆಟ್ ಪರ್ಕ್, ಬೆಂಚಿನ ಕೆಲಸ ಎಲ್ಲ ಸೇರಿದರೆ ಡೇಡ್ರಿಕ್ ಇಲ್ಲದೆಯೂ ಮುಟ್ಟಬಹುದು. ಬೆಂಚಿಗೆ ಹೋಗುವ ಮೊದಲು ಸ್ಮಿಥಿಂಗ್ ಏರಿಸುವ ಪೋಶನ್ ಕುಡಿಯಿರಿ. ಗುಹೆಗಳಲ್ಲಿ ಬೆಳೆಯುವ ಬ್ಲಿಸ್ಟರ್‌ವರ್ಟ್ ಮತ್ತು ಗ್ಲೋಯಿಂಗ್ ಮಶ್ರೂಮ್ ಸೇರಿಸಿದರೆ ಅದು ಆಗುತ್ತದೆ. ಸೇಬರ್ ಕ್ಯಾಟ್‌ನ ಹಲ್ಲು ಕೂಡ ನಡೆಯುತ್ತದೆ. ಪೋಶನ್‌ನ ಬಲ ಸ್ವಲ್ಪ ಹೊತ್ತು ಮಾತ್ರ, ಅದಕ್ಕೇ ಗಟ್ಟಿಗಳನ್ನೆಲ್ಲ ಮೊದಲೇ ಚೀಲಕ್ಕೆ ಹಾಕಿ, ಬೆಂಚಿನ ಎದುರು ನಿಂತು ಆಮೇಲೆ ಕುಡಿಯಿರಿ. ಸೇವಿಯರ್ಸ್ ಹೈಡ್‌ನಂಥ ಮಂತ್ರದ ಆರ್ಮರ್ ಸುಧಾರಿಸಲು ಸ್ಮಿಥಿಂಗ್ 60ರ ಆರ್ಕೇನ್ ಬ್ಲ್ಯಾಕ್‌ಸ್ಮಿತ್ ಪರ್ಕ್ ಬೇಕು. ಅದಿಲ್ಲದೆ ಬೆಂಚು ಆ ತುಂಡನ್ನು ಮುಟ್ಟಲು ಬಿಡುವುದಿಲ್ಲ.